ಮೊದಲ ಗುಂಡಿ

ಗೋಡೆಯ ಆಚೆ ಮಗಳು ಏಳುತ್ತಿದ್ದಳು. ಮಬ್ರೂಕಾ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಏನೂ ಇಲ್ಲ. ಆಮೇಲೆ ಚಾಪೆಯ ಮೇಲೆ ಹಿಮ್ಮಡಿ ಉಜ್ಜಿದ ಸದ್ದು, ಒಮ್ಮೆ, ಇನ್ನೊಮ್ಮೆ. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಉಸಿರು, ಉಪ್ಪಿನ ಮೂಟೆ ಎತ್ತುವವರು ಎತ್ತುವ ಮುಂಚೆ ಎಳೆದುಕೊಳ್ಳುವಂಥದು. ಅದರ ಬೆನ್ನಿಗೇ ಮಗ್ಗುಲಾಗಿ ಉರುಳಿ ಮಂಡಿಯೂರಿದ ಸದ್ದು. ಹದಿನಾರು ವರ್ಷದ ಹುಡುಗಿಗೆ ಹಾಸಿಗೆ ಬಿಟ್ಟೇಳುವುದು ಇಷ್ಟೊಂದು ಕೆಲಸ ಎನ್ನುವುದು, ಇದೇ ಗೋಡೆಯ ಈಚೆ ಮೂರು ವರ್ಷ ಮಲಗಿದ್ದೂ ಮಬ್ರೂಕಾಗೆ ಗೊತ್ತಿರಲಿಲ್ಲ. ಊರವರ ಕೀಲುನೋವನ್ನೆಲ್ಲ ಮುಟ್ಟಿ ಹೇಳುವವಳು ಅವಳು. ಕೈರೋದಿಂದ, ಟಾಂಟಾದಿಂದ, ಎಲ್ಲೆಲ್ಲಿಂದಲೋ ಹೆಂಗಸರು ಬೇಸಿಗೆಯಲ್ಲಿ ಮರುಭೂಮಿಯ ಈ ಸೀವಾಕ್ಕೆ ಬಂದು, ಅವಳ ಕೈಯಲ್ಲಿ ಬಿಸಿ ಮರಳೊಳಗೆ ಹೂಳಿಸಿಕೊಂಡು, ಮೈ ಹಗುರ ಮಾಡಿಕೊಂಡು ಹೋಗುತ್ತಾರೆ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ತಿಬ್ರಾ ಈಗ ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, ಕೂಸುಗಳು ಹತ್ತುವ ಹಾಗೆ. ಮೇಲೆ ಅವಳು ನಲವತ್ತು ಸುತ್ತು ನಡೆಯುತ್ತಾಳೆ. ಮೊದಲ ಹತ್ತು ಸುತ್ತು ಉಪ್ಪುಮಣ್ಣಿನ ಸೂರಿನ ಮೇಲೆ ಕಾಲು ಎಳೆದ ಸದ್ದು. ಇಪ್ಪತ್ತರ ಹೊತ್ತಿಗೆ ಹೆಜ್ಜೆ ಬಿಡಿಬಿಡಿಯಾಗುತ್ತದೆ. ಮೂವತ್ತಕ್ಕೆ ಹುಡುಗಿಯ ನಡಿಗೆ. ಆಮೇಲೆ ಕೆಳಗಿಳಿದು ಬಂದು, ಹಿಟ್ಟು ನಾದುತ್ತ, ಏನೋ ಗುನುಗುತ್ತ, "ಎದ್ದೆಯಾ ಅಮ್ಮಾ? ಚಹಾಕ್ಕೆ ಇಟ್ಟಿದೀನಿ" ಎನ್ನುತ್ತಾಳೆ, ತಾನೂ ಈಗಷ್ಟೇ ಎದ್ದವಳ ಹಾಗೆ. ಮೂರು ವರ್ಷ ಮಬ್ರೂಕಾ ಕಂಡದ್ದು ಇಷ್ಟನ್ನೇ. ರಾತ್ರಿ ನರಳುವ ಹುಡುಗಿ, ಬೆಳಿಗ್ಗೆ ಹಾಡುವ ಹುಡುಗಿ. ಯಾವಾಗಲೋ ಒಮ್ಮೆ ತಾನೇ ಬೇಗ ಎದ್ದ ದಿನ ಹಾಸಿಗೆಯಲ್ಲಿ ಮರದ ದಿಮ್ಮಿಯ ಹಾಗೆ ಬಿದ್ದಿರುತ್ತಿದ್ದವಳು ಅದೇ ಮಧ್ಯಾಹ್ನ ಸಲಿಕೆ ಹಿಡಿದು ಮರಳು ತೋಡುವುದನ್ನು ಕಂಡು, ಇದು ಮೈಗಳ್ಳತನವಲ್ಲದೆ ಇನ್ನೇನು ಎಂದು ತೀರ್ಮಾನಿಸಿಬಿಟ್ಟಿದ್ದಳು. "ಬೆಳಿಗ್ಗೆ ಹೆಣ, ಮಧ್ಯಾಹ್ನ ಹೆಣ್ಣು" ಎಂದು ಅತ್ತೆ ಆಡಿಕೊಂಡಾಗ ನಕ್ಕಿದ್ದಳು ಕೂಡ. ನಾದಿನಿಯರೆಲ್ಲ ಕೂತಿದ್ದರು. ತಿಬ್ರಾನೂ ಕೂತಿದ್ದಳು, ಖರ್ಜೂರದ ಬೀಜ ತೆಗೆಯುತ್ತ. ಅವಳೂ ನಕ್ಕಿದ್ದಳು. ಆ ನಗು ಈಗ ನೆನಪಾದರೆ ಮಬ್ರೂಕಾಗೆ ಎದೆಯಲ್ಲಿ ಮುಳ್ಳು ಆಡಿಸಿದ ಹಾಗಾಗುತ್ತದೆ.

ಮೂರು ತಿಂಗಳ ಹಿಂದೆ ಹುಡುಗಿಯ ಒಂದು ಕಣ್ಣು ಕೆಂಡದ ಹಾಗೆ ಕೆಂಪಾಗಿ ಬೆಳಕೇ ನೋಡಲಾರದ ಹಾಗಾದಾಗ ಮತ್ರೂಹ್‌ಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆಯ ಬಸ್ಸು. ಗಂಡ ಕೀಲಾನಿ ಹೊರಗೆ ಸಿಗರೇಟು ಸೇದುತ್ತಿದ್ದ. ಅಲ್ಲಿಯ ಡಾಕ್ಟರು, ಮೀಸೆಯೂ ಸರಿಯಾಗಿ ಬಲಿಯದ ಹುಡುಗ, ಕಣ್ಣು ನೋಡಿ, ಮಣಿಕಟ್ಟು ಮುಟ್ಟಿ, "ಬೆನ್ನು ನೋಯುತ್ತಾ?" ಎಂದ. ನೋಯುತ್ತೆ ಎಂದಳು. "ಮಲಗಿದ್ರೆ ಜಾಸ್ತಿಯೋ, ಓಡಾಡಿದ್ರೆ ಜಾಸ್ತಿಯೋ?" ತಿಬ್ರಾ ಬಾಯಿ ಬಿಟ್ಟವಳು ಮುಚ್ಚಲಿಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಮೂರು ವರ್ಷದಿಂದ ಕಾದಿದ್ದವಳ ಹಾಗೆ, "ಮಲಗಿದ್ರೆ! ಮಲಗಿದ್ರೇ ಡಾಕ್ಟ್ರೇ!" ಎಂದು ಅಳುವುದಕ್ಕೆ ಶುರು ಮಾಡಿದಳು. ಒಂದೇ ಪ್ರಶ್ನೆ. ಡಾಕ್ಟರು ಅಷ್ಟಕ್ಕೇ ನಂಬಿದ. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ, ಹೆಸರು ಉದ್ದ, ಎರಡು ವಾರಕ್ಕೊಂದು ಚುಚ್ಚುಮದ್ದು, ಜೀವನಪೂರ್ತಿ ಇರಬಹುದು ಎಂದೆಲ್ಲ ಹೇಳಿದ. ಮರಳಿನ ವಿಷಯ ಮಬ್ರೂಕಾನೇ ಕೇಳಿದಳು, ತೊಡೆಯ ಮೇಲೆ ಕೈ ಹಿಸುಕುತ್ತ. "ಬಿಸಿ ಒಳ್ಳೇದೇ ತಾಯಿ. ಹಾಯೆನಿಸುತ್ತೆ. ಆದ್ರೆ ಅದರಿಂದ ಕಾಯಿಲೆ ಹೋಗಲ್ಲ. ಮತ್ತೆ ಆಮೇಲೆ ಅಲ್ಲಾಡದ ಹಾಗೆ ಮಲಗಿಸಬೇಡಿ, ಅದು ಇವಳಿಗೆ ವಿಷ" ಎಂದ.

ಅಲ್ಲಾಡದ ಹಾಗೆ. ಮರಳಿಂದ ಎಬ್ಬಿಸಿದವರನ್ನು ಕಂಬಳಿಯಲ್ಲಿ ಸುತ್ತಿ ಗಾಳಿ ಸೋಕದಂತೆ ಮಲಗಿಸುವುದು ಅವರ ಮನೆತನದ ಕ್ರಮ. ಬಂದವರಿಗೆ ಒಂದು ಗಂಟೆ, ಎರಡು ಗಂಟೆ. ಮೊದಲ ಗುಂಡಿಯಲ್ಲಿ ಮಲಗುವ ಮನೆಯವರಿಗೆ ಮೂರು ದಿನ. ಮೂರು ಬೇಸಿಗೆ ಮೂರು ಮೂರು ದಿನ ತಿಬ್ರಾ ಆ ಕಂಬಳಿಯೊಳಗಿದ್ದಳು. ಎರಡನೆಯ ದಿನ, "ಅಮ್ಮಾ, ಒಂದೇ ಒಂದ್ಸಲ ಮಗ್ಗುಲು ತಿರುಗಿಸು" ಎನ್ನುತ್ತಿದ್ದಳು. ಮೂರನೆಯ ದಿನ ಕಿರುಚುತ್ತಿದ್ದಳು. "ಹೋಗೋ ನೋವು ಬಾಗಿಲು ಬಡಿದೇ ಹೋಗೋದು, ಬಿಡಬೇಡ" ಎಂದು ಅತ್ತೆ ಹೇಳಿದ್ದರಿಂದ ಮಬ್ರೂಕಾ ತನ್ನೆರಡೂ ಕೈಯಿಂದ, ಬೇರೆಯವರ ನೋವು ತೆಗೆದ ಇದೇ ಕೈಗಳಿಂದ, ಮಗಳ ಭುಜ ಅದುಮಿ ಹಿಡಿದಿದ್ದಳು. ನಾಲ್ಕನೆಯ ದಿನ ಹುಡುಗಿ ಎದ್ದು ನಾಲ್ಕು ಹೆಜ್ಜೆ ಹಾಕಿದರೆ, ನೋಡಿ, ವಾಸಿಯಾಯಿತು ಎಂದು ಹಿಗ್ಗಿದ್ದಳು. ಎರಡು ವಾರಕ್ಕೆ ಮತ್ತೆ ನರಳಿದರೆ, ಕದ್ದು ತಣ್ಣೀರು ಕುಡಿದಿರುತ್ತಾಳೆ ಎಂದು ಬೈದಿದ್ದಳು. ಮರಳು ಸೋಲುವುದಿಲ್ಲವಲ್ಲ, ಮಲಗಿದವರು ಪಥ್ಯ ತಪ್ಪುತ್ತಾರೆ. ಅತ್ತೆ ತೀರಿಕೊಂಡು ವರ್ಷವಾಯಿತು. ಜಗಳ ಆಡೋಣವೆಂದರೆ ಅವಳೂ ಇಲ್ಲ.

ಚಹಾ ಕುಡಿಯುವಾಗ ತಿಬ್ರಾ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಿದ್ದಳು. ಹೊರಗೆ ಜುಲೈ ತಿಂಗಳ ಬಿಸಿಲು ಆಗಲೇ ಗೋಡೆ ಸುಡುತ್ತಿತ್ತು. ಇವತ್ತು ಈ ಸಲದ ಮೊದಲ ದಿನ. ಮೊದಲ ಗುಂಡಿ ಮನೆಯವರದು. ಮನೆಯವರಲ್ಲೇ ಒಬ್ಬರು ಮಲಗಿ, ಎದ್ದು, ಬಂದವರೆಲ್ಲರ ಮುಂದೆ "ಮರಳು ತಗೊಂಡಿತು", ನೋವೆಲ್ಲ ಹೋಯಿತು ಎನ್ನಬೇಕು, ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿ ಉಲಿಯಬೇಕು, ಆಮೇಲೆಯೇ ಮಿಕ್ಕವರ ಸರದಿ. ಆ ಮಾತು ಬೀಳದೆ ಒಂದು ಬೇಸಿಗೆಯೂ ಶುರುವಾದದ್ದಿಲ್ಲ. ನಿನ್ನೆ ಸಂಜೆ ತಿಬ್ರಾ ಹೇಳಿಬಿಟ್ಟಿದ್ದಳು: "ಮಲಗ್ತೀನಿ ಅಮ್ಮಾ, ಬಿಸಿ ನಂಗಿಷ್ಟ. ಆದ್ರೆ ಆ ಮಾತು ನನ್ನ ಬಾಯಲ್ಲಿ ಬರಲ್ಲ. ಕಂಬಳೀಲಿ ಮೂರು ದಿನಾನೂ ಇರಲ್ಲ." ಕೀಲಾನಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಎರಡು ಮಾತು ಆಡಿದ್ರೆ ನಾಲಿಗೆ ಸವೆಯುತ್ತೇನೇ?" ಎಂದ. ಮಗಳು, "ಸವೆಯಲ್ಲ ಅಪ್ಪಾ, ಮೂರು ವರ್ಷ ಆಡಿದೀನಲ್ಲ, ನೋಡು, ಹಾಗೇ ಇದೆ" ಎಂದು ನಾಲಿಗೆ ಚಾಚಿ ತೋರಿಸಿದಳು. ಅವನಿಗೂ ನಗು ಬಂತು. ಮಬ್ರೂಕಾಗೆ ಬರಲಿಲ್ಲ. ಇವಳು ಎಲ್ಲರೆದುರು ಏನಂದಾಳು, ತಾನು ಏನನ್ನಲಿ ಎನ್ನುವುದರಲ್ಲೇ ಅವಳಿಗೆ ಬೆಳಗಾಗಿತ್ತು.

ಕೀಲಾನಿಯ ಮೂರು ಚಕ್ರದ ಗಾಡಿಯಲ್ಲಿ ದಕ್ರೂರ್ ಗುಡ್ಡಕ್ಕೆ ಹೊರಟರು, ಕಂಬಳಿ, ಮೆಂತ್ಯದ ಚೀಲ, ಒಲೆ ಎಲ್ಲ ಹೇರಿಕೊಂಡು. ಅರ್ಧ ದಾರಿಗೆ ತಿಬ್ರಾ "ನಿಲ್ಸಪ್ಪಾ" ಎಂದು ಇಳಿದುಕೊಂಡಳು. ಕೂತರೆ ಬೆನ್ನು ಬೀಗ ಹಾಕಿಕೊಳ್ಳುತ್ತದಂತೆ. ಖರ್ಜೂರದ ತೋಟಗಳ ಬದಿಯಲ್ಲಿ, ಬಿಸಿಲಲ್ಲಿ, ಗಾಡಿಯ ಹಿಂದೆ ನಡೆದು ಬರುತ್ತಿದ್ದಳು. ಸ್ವಲ್ಪ ಬಾಗಿದ ಬೆನ್ನು, ಎತ್ತಿದ ಗದ್ದ. ಎದುರಿಗೆ ಬಂದ ಕತ್ತೆಗಾಡಿಯವನು ಏನೋ ಕೇಳಿದ, ಅವಳು ಏನೋ ಅಂದಳು, ಅವನು ನಗುತ್ತ ಹೋದ. ಈ ಹುಡುಗಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು, ನನ್ನ ಹೊಟ್ಟೆಯಿಂದಂತೂ ಅಲ್ಲ ಎಂದುಕೊಂಡಳು ಮಬ್ರೂಕಾ. ತನಗೆ ಹಲ್ಲುನೋವು ಬಂದರೆ ಇಡೀ ಕೇರಿಗೆ ಗೊತ್ತಾಗುತ್ತದೆ.

ಹೆಂಗಸರ ಡೇರೆ ಗುಡ್ಡದ ಹಿಂಬದಿಗೆ. ಮೊದಲ ದಿನವೆಂದು ಬಂದವರು ಇಬ್ಬರೇ. ಫಯ್ಯೂಮಿನ ಹಾಜ್ಜಾ ವಹೀಬಾ, ಹಜ್ ಮಾಡಿಬಂದವಳು, ಸೊಂಟನೋವಿನವಳು, ಐದು ವರ್ಷದಿಂದ ಬರುವ ಮುದುಕಿ. ಮನ್ಸೂರಾದ ಶಾಲೆಯ ಟೀಚರು ಇನ್ಸಾಫ್, ಮಂಡಿನೋವಿನವಳು, ಇದೇ ಮೊದಲು. ಇಬ್ಬರೂ ನೆರಳಲ್ಲಿ ಕೂತು ನೋಡುತ್ತಿದ್ದರು. ತಾಯಿ ಮಗಳು ಗುಂಡಿ ತೋಡಿದರು. ಬೆಳಿಗ್ಗೆಯೇ ತೋಡಿ ತೆರೆದಿಟ್ಟರೆ ನಡುಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಕಾಯುತ್ತದೆ. ತಿಬ್ರಾ ಹತ್ತು ಸಲಿಕೆ ಬಲಕ್ಕೆ ಎಸೆದರೆ ಹತ್ತು ಎಡಕ್ಕೆ ಎಸೆಯುತ್ತಾಳೆ, ಎರಡೂ ಮಗ್ಗುಲಿಗೆ ಸಮನಾಗಿ ಕೆಲಸ ಸಿಗಲಿ ಎಂದು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ನಡುವೆ ಒಮ್ಮೆ ಸಲಿಕೆಯ ಮೇಲೆ ಒರಗಿ ನಿಂತು, "ಹಾಜ್ಜಾ, ನಿಮ್ಮ ಎರಡನೇ ಸೊಸೆ ವಾಪಸ್ ಬಂದ್ಲಾ?" ಎಂದು ಕೇಳಿದಳು. ಕೇಳಿದ್ದೇ ಸಾಕು, ಮುದುಕಿ ಸೊಸೆಯ ಪುರಾಣ ಬಿಚ್ಚಿದಳು. ತಿಬ್ರಾ ಹ್ಞೂಂಗುಡುತ್ತ ನಿಂತೇ ಇದ್ದಳು. ಸಲಿಕೆಯ ಹಿಡಿಯ ಮೇಲೆ ಅವಳ ಬೆರಳುಗಳು ಬೆಳ್ಳಗಾಗಿದ್ದುದನ್ನು ಮಬ್ರೂಕಾ ಮಾತ್ರ ನೋಡಿದಳು. ಈ ಗುಟ್ಟು ಅವಳಿಗೆ ಈಚೆಗೆ ತಿಳಿದದ್ದು: ತಿಬ್ರಾ ಇದ್ದಕ್ಕಿದ್ದಂತೆ ಪ್ರಶ್ನೆ ಕೇಳಿದಳೆಂದರೆ ಎಲ್ಲೋ ಒಂದು ಕೀಲು ಹಿಡಿದುಕೊಂಡಿದೆ ಎಂದರ್ಥ. ಜನ ಉತ್ತರ ಹೇಳುವಷ್ಟರಲ್ಲಿ ಅದು ಬಿಡುತ್ತದೆ. ಉತ್ತರ ಉದ್ದ ಹೇಳುವವರನ್ನು ನೋಡಿಯೇ ಕೇಳುತ್ತಾಳೆ. ಊರಲ್ಲೆಲ್ಲ ಇವಳಿಗೆ ಬಾಯಿಬಡುಕಿ, ಬೇರೆಯವರ ಮನೆ ಸುದ್ದಿ ಬೇಕು ಎಂದು ಹೆಸರು. ಆ ಹೆಸರನ್ನೂ ಹೊತ್ತುಕೊಂಡೇ ಓಡಾಡುತ್ತಾಳೆ. ತಾನಾಗಿದ್ದರೆ ನೋವನ್ನು ಸಾರಿ ಮರುಕ ಕೇಳಿಕೊಳ್ಳುತ್ತಿದ್ದೆ ಎನ್ನಿಸಿ, ಮಬ್ರೂಕಾಗೆ ಮಗಳೆದುರು ತಾನೇ ಚಿಕ್ಕವಳಾದಂತೆ ಕಂಡಿತು.

ಸೂರ್ಯ ನೆತ್ತಿಗೆ ಬಂದ. ತಿಬ್ರಾ ಗುಂಡಿಯೊಳಗೆ ಕೈ ಇಳಿಸಿ, ಮಣಿಕಟ್ಟಿನ ಒಳಭಾಗದಿಂದ ಮರಳು ಮುಟ್ಟಿ, "ಆಯ್ತು, ಹದವಾಗಿದೆ" ಎಂದು ಡೇರೆಯ ಕಡೆಗೆ ಬಂದಳು. ಡೇರೆ ಬಿಗಿದ ಹಗ್ಗ ದಾಟುವಾಗ ನೇರ ದಾಟಲಾರದೆ ಅಡ್ಡಲಾಗಿ ತಿರುಗಿ ಒಂದೊಂದೇ ಕಾಲು ಎತ್ತಿಟ್ಟಳು. ಇನ್ಸಾಫ್ ಟೀಚರು ಕನ್ನಡಕ ಮೇಲಕ್ಕೇರಿಸಿ ನೋಡಿದಳು.

"ಈ ಹುಡುಗಿಗೇನಾಗಿದೆ?"

"ಕತ್ತೆಯಿಂದ ಬಿದ್ಲು," ಎಂದಳು ಮಬ್ರೂಕಾ. ಬಾಯಿಗೆ ತಾನಾಗಿ ಬಂತು. ಮೂರು ವರ್ಷ ಹೇಳಿ ಹೇಳಿ ರೂಢಿಯಾದ ಮಾತು.

"ಹೋದ ವರ್ಷ ನನ್ನ ತಂಗಿ ಇಲ್ಲಿಗೆ ಬಂದಿದ್ಲು. ಆಗಲೂ ಕತ್ತೆಯಿಂದ ಬಿದ್ದಿದ್ಲಂತೆ. ಏನಮ್ಮಾ ಇದು, ಎಷ್ಟು ಸಲ ಬೀಳ್ತಾಳೆ? ಆ ಕತ್ತೇನಾದ್ರೂ ಮಾರಬಾರದಾ?"

ಹಾಜ್ಜಾ ವಹೀಬಾ ಕಿಸಕ್ಕೆಂದಳು. ಮಬ್ರೂಕಾಳ ಮುಖ ಕಪ್ಪಿಟ್ಟಿತು. ತರಗತಿಯಲ್ಲಿ ಎದ್ದು ನಿಲ್ಲಿಸಿದ ಹಾಗೆ ಅವಳು ಮುಸುಕಿನ ಅಂಚು ತಿರುಚುತ್ತ ನಿಂತಳು.

"ಕತ್ತೇದೇನೂ ತಪ್ಪಿಲ್ಲ ಟೀಚರಮ್ಮ," ಎಂದಳು ತಿಬ್ರಾ. "ಪಾಪ, ಅದು ನನ್ನ ಒಂದ್ಸಲಾನೂ ಬೀಳ್ಸಿಲ್ಲ. ನಂಗೆ ಕೀಲಿನ ಕಾಯಿಲೆ ಇದೆ. ಬೆನ್ನು, ಸೊಂಟ, ಮಣಿಕಟ್ಟು. ಹದಿಮೂರಕ್ಕೆ ಶುರುವಾಯ್ತು."

"ಮರಳಲ್ಲಿ ಹೂಳೋರ ಮಗಳಿಗೆ ಕೀಲಿನ ಕಾಯಿಲೆ!" ಟೀಚರು ಮಬ್ರೂಕಾಳ ಕಡೆ ತಿರುಗಿದಳು. "ಮನೆ ಮಗಳನ್ನೇ ವಾಸಿ ಮಾಡ್ಲಾರದೋರು ನನ್ನ ಮಂಡಿ ಏನು ವಾಸಿ ಮಾಡ್ತೀರಿ?"

"ವಾಸಿ ಆಗಲ್ಲ, ನಂದು," ಎಂದಳು ತಿಬ್ರಾ, ಅಮ್ಮನಿಗೆ ಉತ್ತರ ಹೇಳುವ ಪಾಡು ಬರದಂತೆ ಬೇಗ ಬೇಗ. "ಅದಕ್ಕೆ ಬೇರೆ ಚುಚ್ಚುಮದ್ದಿದೆ. ಮರಳು ನಂಗೆ ಎರಡು ಗಂಟೆ ಕೊಡುತ್ತೆ. ಎದ್ದ ಮೇಲೆ ಎರಡು ಗಂಟೆ ಮೈ ನಂದೇ ಅನ್ಸುತ್ತೆ. ಓಡ್ತೀನಿ ಬೇಕಾದ್ರೆ. ನಿಮ್ಮದು ಸವೆದ ಮಂಡಿ, ನಿಮಗೆ ಜಾಸ್ತೀನೇ ಸಿಗಬಹುದು, ಹಾಜ್ಜಾನ ಕೇಳಿ. ನಂಗೆ ಸಿಗೋದು ಎರಡು ಗಂಟೆ, ಇದ್ದದ್ದು ಹೇಳ್ದೆ."

ಇಷ್ಟೇ, ಮುಗಿಯಿತು, ಆ ಮಾತು ಬೀಳುವ ಮುಂಚೆಯೇ ಈ ಬೇಸಿಗೆ ಮುಗಿಯಿತು ಎಂದುಕೊಂಡಳು ಮಬ್ರೂಕಾ. ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಅಳುಕಿಲ್ಲದೆ ನಿಂತು ತನ್ನ ನೋವಿನ ಅಳತೆಯನ್ನು ಒಂದು ಕೂದಲೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದ ಹುಡುಗಿಯನ್ನು ಅವಳು ಯಾರದೋ ಮಗಳನ್ನು ನೋಡಿದಂತೆ ನೋಡಿದಳು, ಎಂಥ ಹುಡುಗಿ ಎಂದು ಬೆರಗಾಗಿ.

"ಹಾಗಾದ್ರೆ ಮೊದಲ ಗುಂಡಿ ಯಾರದು?" ಎಂದಳು ಹಾಜ್ಜಾ ವಹೀಬಾ. "ಮನೆಯೋರು ಮಲಗದೆ ನಾನಂತೂ ಇಳಿಯಲ್ಲ."

"ನಾನು ಮಲಗ್ತೀನಿ," ಎಂದಳು ಮಬ್ರೂಕಾ.

ತಿಬ್ರಾ ತಿರುಗಿ ನೋಡಿದಳು. ಹೂಳುವವಳು ತಾನು ಮಲಗಬಾರದು ಎಂಬುದು ಅತ್ತೆಯ ಕಾಲದ ಕಟ್ಟು. ಮಲಗಿದರೆ ಕೈಗುಣ ಹೋಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಮೈಗಳ ಮೇಲೆ ಮರಳೆಳೆದವಳು ಒಂದು ದಿನವೂ ಅದರ ಕೆಳಗೆ ಹೋದವಳಲ್ಲ. "ಅಮ್ಮಾ, ಅಜ್ಜಿ..." ಎಂದಳು ತಿಬ್ರಾ. "ಅಜ್ಜಿ ಬಂದು ಕೇಳಲಿ, ಹೇಳ್ತೀನಿ," ಎಂದು ಮಬ್ರೂಕಾ ಬಟ್ಟೆ ಕಳಚಿ ತೆಳು ದುಪ್ಪಟಿ ಸುತ್ತಿಕೊಂಡು, ಗುಂಡಿಗೆ ಇಳಿದು, ಅಂಗಾತ ಮಲಗಿದಳು. ಬೆನ್ನು ತಗುಲಿದ ಕೂಡಲೇ ಹೌಹಾರಿದಳು; ಇಷ್ಟು ಬಿಸಿಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರು, ಎಲ್ಲರೂ ಹೇಳಿದ್ದರು. ಅವಳೇ ಎಲ್ಲರಿಗೂ "ಸ್ವಲ್ಪ ತಾಳಿ" ಎಂದಿದ್ದಳು.

ತಿಬ್ರಾ ಪಾದದಿಂದ ಶುರು ಮಾಡಿದಳು. ಕಾಲು, ತೊಡೆ, ಹೊಟ್ಟೆ, ಕೈಯೆರಡೂ ಒಳಗೆ, ಎದೆಯ ಮೇಲೆ ತೆಳ್ಳಗೆ. ತಲೆಗೆ ಕೊಡೆ ನೆಟ್ಟಳು. ಮೊದಲು ಹಾಯೆನಿಸಿತು. ವರ್ಷಗಟ್ಟಲೆ ಸಲಿಕೆ ಹಿಡಿದ ಭುಜದೊಳಗೆ ಬಿಸಿ ಇಳಿದು ಗಂಟು ಬಿಚ್ಚುವುದು ಗೊತ್ತಾಯಿತು. ಆಮೇಲೆ ಮೂಗಿನ ಮೇಲೆ ನೊಣ ಕೂತಿತು. ಓಡಿಸಲು ಕೈ ಎತ್ತಹೋದಳು. ಕೈ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಕೈ ಎಲ್ಲಿದೆ ಎಂದೇ ತಿಳಿಯಲಿಲ್ಲ. ಮೈಯೆಂಬುದು ಬೇರೆ ಯಾರದೋ, ತನ್ನ ಮಾತು ಕೇಳದ, ಕುತ್ತಿಗೆಯ ಕೆಳಗೆ ಎಲ್ಲೋ ಬಿದ್ದಿರುವ ಭಾರ. ಇದೇನಾ ಅದು. ಬೆಳಿಗ್ಗೆ ಗೋಡೆಯಾಚೆ ಮೊದಲು ಏನೂ ಕೇಳದ ಆ ಹೊತ್ತು, ಇದೇನಾ. ಇದನ್ನು ಮೈಮೇಲೆ ಹೊತ್ತುಕೊಂಡು ಕಣ್ಣು ಬಿಡುತ್ತಾಳಾ, ದಿನಾ, ಯಾರೂ ಹೂಳದೆಯೇ? ಒಂದ್ಸಲ ಮಗ್ಗುಲು ತಿರುಗಿಸು ಎಂದಾಗ ನಾನು ಅದುಮಿ ಹಿಡಿದೆನಲ್ಲ, ನನ್ನ ಕೂಸೇ, ನನ್ನ ಕೈಗೆ ಹುಳ ಬೀಳಲಿ. ಬಾಯಿಬಿಟ್ಟು ಕೂಗಬೇಕೆನಿಸಿತು. ಟೀಚರು ಕನ್ನಡಕದೊಳಗಿಂದ ನೋಡುತ್ತಿದ್ದಳು. ಮಬ್ರೂಕಾ ಗಂಟಲು ಸರಿಮಾಡಿಕೊಂಡಳು.

"ಹಾಜ್ಜಾ," ಎಂದಳು, "ನಿಮ್ಮ ಫಯ್ಯೂಮಿನಲ್ಲಿ ಈ ಸಲ ಮಾವು ಹೇಗಿದೆ?"

"ಮಾವಾ? ಅಯ್ಯೋ, ಏನು ಕೇಳ್ತೀಯಾ, ಹೂ ಬಿಟ್ಟಾಗ ಬೀಸಿದ ಧೂಳುಗಾಳಿಗೆ..." ಎಂದು ಮುದುಕಿ ಶುರು ಮಾಡಿದಳು.

ತಿಬ್ರಾಳ ಕೈಯಲ್ಲಿದ್ದ ಸಲಿಕೆ ನಿಂತಿತು. ಅವಳು ಅಮ್ಮನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ಕಿವಿಯವರೆಗೆ ಕೆಂಪೇರಿತು, ಕಳ್ಳತನ ಸಿಕ್ಕಿಬಿದ್ದವರ ಹಾಗೆ. ಆಮೇಲೆ ಸಲಿಕೆ ಕೆಳಗಿಟ್ಟು, ಅದರ ಹಿಡಿಯನ್ನೇ ಊರಿಕೊಂಡು, ಒಂದು ಮಂಡಿ, ಇನ್ನೊಂದು ಮಂಡಿ ಎಂದು ಕೆಳಗಿಳಿದು ಪಕ್ಕದಲ್ಲಿ ಕೂತಳು. ಮುಸುಕಿನ ತುದಿಯಿಂದ ನೊಣ ಓಡಿಸಿದಳು. ಹಾಜ್ಜಾಳ ಮಾವಿನ ಕಥೆ ನಡೆದೇ ಇತ್ತು.

"ಯಾವಾಗಿಂದ ಗೊತ್ತು?" ಎಂದು ಪಿಸುಗುಟ್ಟಿದಳು.

"ಒಂದು ತಿಂಗಳಾಯ್ತು."

"ಕೈ ಹುಡುಕಬೇಡ, ಸಿಗಲ್ಲ. ಗಾಬರಿ ಜಾಸ್ತಿಯಾಗುತ್ತೆ. ಮೊದಲು ಕಾಲ್ಬೆರಳು. ಹೆಬ್ಬೆರಳು ಒಂದೇ. ಅಲ್ಲಾಡ್ತಾ?"

ಮಬ್ರೂಕಾ ಹುಡುಕಿದಳು. ಬಹಳ ದೂರದಲ್ಲಿ, ಬಿಸಿಯ ಅಡಿಯಲ್ಲಿ, ಒಂದು ಬೆರಳು ಅಲ್ಲಾಡಿತು.

"ಹ್ಞೂಂ."

"ಸಾಕು. ಇನ್ನು ಅದರ ಪಕ್ಕದ್ದು. ಅವಸರ ಬೇಡ. ಹಿಮ್ಮಡಿ. ಆಮೇಲೆ ಒಂದು ದೊಡ್ಡ ಉಸಿರು ತಗೋ, ಮಗ್ಗುಲಿಗೆ ಉರುಳು. ಎದ್ದು ಕೂರೋಕೆ ಹೋಗ್ಬೇಡ, ಉರುಳಬೇಕು. ನಾನಿದೀನಿ."

ಮರಳು ಬಿರಿಯಿತು. ಮಬ್ರೂಕಾ ಮಗ್ಗುಲಾಗಿ ಉರುಳಿ, ಮಂಡಿಯೂರಿ, ಮಗಳ ಭುಜ ಹಿಡಿದು ಎದ್ದು ನಿಂತಳು. ಹಿಡಿದ ಮೇಲೆ ನೋವಾದೀತೆಂದು ಕೈ ಹಿಂದೆಗೆದಳು. "ಹಿಡ್ಕೋ, ಈಗ ನೋವು ಬಿಟ್ಟಿದೆ" ಎಂದಳು ತಿಬ್ರಾ. ಮುದುಕಿ ಮಾವಿನ ಕಥೆಯನ್ನು ಅಲ್ಲಿಗೇ ಬಿಟ್ಟು ಮುಂದೆ ಬಾಗಿದಳು. ಟೀಚರೂ ಎದ್ದು ನಿಂತಿದ್ದಳು.

"ಏನಮ್ಮಾ, ಮರಳು ತಗೊಂಡಿತಾ?" ಎಂದಳು ಹಾಜ್ಜಾ.

ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಭುಜ ಹೂವಿನಷ್ಟು ಹಗುರವಾಗಿತ್ತು. ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು, ಈಗ ಆಡಿದರೆ ಅರ್ಧ ನಿಜವೂ ಆಗುತ್ತಿತ್ತು.

"ಭುಜದ್ದು ಸ್ವಲ್ಪ ತಗೊಂಡಿದೆ," ಎಂದಳು ಮಬ್ರೂಕಾ. "ಎಷ್ಟು ಹೊತ್ತಿಗೋ ಗೊತ್ತಿಲ್ಲ. ನನ್ನ ಮಗಳು ಹೇಳಿದ್ದು ನಿಜ. ಅವಳು ಕತ್ತೆಯಿಂದ ಬಿದ್ದಿಲ್ಲ. ನಾನೇ ಮೂರು ವರ್ಷ ಸುಳ್ಳು ಹೇಳ್ದೆ."

ಯಾರೂ ಉಲಿಯಲಿಲ್ಲ. ಟೀಚರು ತನ್ನ ಮಂಡಿಗಳನ್ನು ನೋಡಿಕೊಂಡಳು, ಗುಂಡಿಯನ್ನು ನೋಡಿದಳು. ಹಾಜ್ಜಾ ವಹೀಬಾ ಮಾತ್ರ ಮೈಮೇಲಿನ ಕಪ್ಪು ಹೊದಿಕೆ ಬಿಚ್ಚುತ್ತ, "ಎರಡು ಗಂಟೆಯಾದ್ರೆ ಎರಡು ಗಂಟೆ. ನನ್ನ ಸೊಸೆ ಅಷ್ಟೂ ಕೊಡಲ್ಲ. ಬಾರೇ ಹುಡುಗಿ, ಹೂಳು. ನಿಮ್ಮಮ್ಮ ಬೆವರು ಆರಿಸ್ಕೊಳ್ಳಲಿ," ಎಂದಳು.

ತಿಬ್ರಾ ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ, ನಿಂಬೆ ಹಿಂಡಿದ ಮೆಂತ್ಯದ ಕಷಾಯದ ಲೋಟ ಅವಳ ಎರಡೂ ಅಂಗೈಗೆ ಕೊಟ್ಟಳು. ಕೊಟ್ಟವಳ ಮಣಿಕಟ್ಟನ್ನು ಮಬ್ರೂಕಾ ಬಿಡಲಿಲ್ಲ. ಹೇಳಬೇಕಾದದ್ದು ಬಹಳವಿತ್ತು. ಕಂಬಳಿ, ಅದುಮಿದ ಕೈ, ಖರ್ಜೂರ ಬಿಡಿಸುತ್ತ ನಕ್ಕ ಆ ಸಂಜೆ. ಬಾಯಿಗೆ ಬಂದದ್ದು, "ತಪ್ಪಾಯ್ತು ಕಣೇ" ಎಂದಷ್ಟೇ.

"ಕುಡಿ, ಆರಿಹೋಗುತ್ತೆ," ಎಂದಳು ತಿಬ್ರಾ. ಕಣ್ಣು ತುಂಬಿತ್ತು, ಧ್ವನಿ ಸರಿಯಾಗಿಯೇ ಇತ್ತು.

"ನಾಳೆ ಬೆಳಿಗ್ಗೆ ಮಾಳಿಗೆಗೆ ನಾನೂ ಬರ್ಲಾ?"

ಅದು ತಿಬ್ರಾಳೊಬ್ಬಳದೇ ಜಾಗವಾಗಿತ್ತು.

"ಬಾ," ಎಂದಳು. "ಮೊದಲ ಹತ್ತು ಸುತ್ತು ನನ್ನ ಮುಖ ನೋಡ್ಬಾರ್ದು. ಆಮೇಲೆ ನಾನು ಜೋರಾಗಿ ನಡೀತೀನಿ, ನಿಂಗೋಸ್ಕರ ಕಾಯಲ್ಲ."